ಗಾಳಿ ತಂದ ಡೇಗೆಮರಿ

ಗಾಳಿಗೂ ಊರುಗಳ ಹೆಸರು ಗೊತ್ತಿದ್ದ ಕಾಲದಲ್ಲಿ ಮರಳಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಗಾಳಿಯನ್ನೆಲ್ಲ ಧೂಮಾಂಗನೆಂಬ ಮಾಂತ್ರಿಕ ತೊಗಲಚೀಲದಲ್ಲಿ ಕಟ್ಟಿ, ಯಾರೂ ಹತ್ತಲಾರದ ಕೋಡುಗಲ್ಲಿಗೆ ತೂಗುಹಾಕಿದ. ಅವನ ಮೈ ಹೊಗೆಯದು. ಗಾಳಿ ಬೀಸಿದರೆ ಅವನಿಗೆ ಉಳಿಗಾಲವಿರಲಿಲ್ಲ. ಕಣದಲ್ಲಿ ಜೋಳ ತೂರಲಾಗದೆ ಜನ ಹೊಟ್ಟಿನ ಸಮೇತ ಬೀಸಿ ಉಂಡರು. ಮುದಿ ಅರಸನಿಗೆ ಉಸಿರು ಕಟ್ಟತೊಡಗಿತು.

ಆ ಚೀಲ ಹರಿಯಬಲ್ಲದ್ದು ಬೇಟೆಹಕ್ಕಿ ಡೇಗೆಯ ಕೊಕ್ಕು ಮಾತ್ರ. ಆದರೆ ಗಾಳಿ ತನ್ನನ್ನು ಬಿಡಿಸಿದ ಹಕ್ಕಿಯ ಹಿಂದೆಯೇ ಹೋಗುವುದು. ಹಕ್ಕಿ ಮರಳದಿದ್ದರೆ ಗಾಳಿಯೂ ಇಲ್ಲ, ಅರಸನೂ ಇಲ್ಲ.

ರಾಜಕುಮಾರ ಕೇತರಸ ಬಂಡೆಗೂಡಿನಿಂದ ಒಂದು ಡೇಗೆಮರಿಯನ್ನು ತಂದ. ಅವನ ತಾಯಿ ಜಕ್ಕಲೆ ಹಕ್ಕಿ ಪಳಗಿಸುವ ಮನೆತನದವಳು. "ಅದರ ಕಣ್ಣಲ್ಲಿ ಕಣ್ಣಿಡಬೇಡ," ಎಂದಳು. "ದಿಟ್ಟಿಸಿದರೆ ನೀನು ತಿನ್ನೋಕೆ ಬಂದವನು ಅಂತಲೇ ಅದರ ಲೆಕ್ಕ."

ಕೈಮೇಲೆ ಕೂತು ತಿನ್ನುವುದು ಮೊದಲ ಪಾಠ. ಧೂಮಾಂಗ ಬಳೆಗಾರನ ವೇಷದಲ್ಲಿ ಬಂದು, ಈ ಕಾಡಿಗೆ ಹಚ್ಚಿ ಒಮ್ಮೆ ದುರುಗುಟ್ಟಿದರೆ ಮರಿ ನಿನ್ನ ದಾಸನಾಗುತ್ತದೆ ಎಂದ. ಕೇತರಸ ಬೇಡವೆಂದ. ತೊಗಲ ಕೈಗವಸಿನ ಮೇಲೆ ಮರಿಯನ್ನು ಕೂರಿಸಿಕೊಂಡು, ಮುಖ ತಿರುಗಿಸಿ, ದಿನವಿಡೀ ಕೂತ. ಸಂಜೆ ಮರಿ ಒಂದು ತುಣುಕು ಮಾಂಸ ಕಿತ್ತಿತು. ಹಿಗ್ಗಿನಲ್ಲಿ ಅವನು ತಿರುಗಿ ನೋಡಿಯೇಬಿಟ್ಟ. ಮರಿ ಬೆದರಿ ಹಾರಿ, ಕಾಲಿಗೆ ಕಟ್ಟಿದ್ದ ತೊಗಲಬಾರಿಗೆ ತಲೆಕೆಳಗಾಗಿ ಜೋತಾಡಿತು.

"ಚೆನ್ನಾಯ್ತು. ಮೊದಲಿಂದ ಶುರುಮಾಡಿ, ದೊರೆಗಳೇ," ಎಂದಳು ತಾಯಿ.

ಮೊದಲಿಂದ ಶುರುಮಾಡಿದ. ಈ ಸಲ ಮರಿ ತಿಂದು ಮುಗಿಸಿತು.

ಸಿಳ್ಳೆಗೆ ಬರುವುದು ಎರಡನೆಯ ಪಾಠ. ಮರಿಯ ಕಾಲಿಗೆ ಉದ್ದನೆಯ ದಾರ ಕಟ್ಟಿ ಕಲಿಸುತ್ತಿದ್ದಾಗ ಧೂಮಾಂಗ ನೇಕಾರನಾಗಿ ಬಂದ. ಕಣ್ಣಿಗೆ ಕಾಣದ, ಎಂದೂ ಹರಿಯದ ನೂಲು ಕೊಡುತ್ತೇನೆ ಎಂದ.

"ಎಳೆದರೆ ಬರೋದಕ್ಕೆ ಬಾವಿಯ ಕೊಡ ಇದೆಯಲ್ಲಯ್ಯ," ಎಂದು ಕೇತರಸ ಅವನನ್ನು ಕಳಿಸಿಬಿಟ್ಟ. ಕೆಲದಿನಕ್ಕೆ ಮರಿ ದಾರ ಎಳೆಯದೆಯೇ ಸಿಳ್ಳೆಗೆ ಬರತೊಡಗಿತು.

ಬಿಟ್ಟಮೇಲೆ ಮರಳುವುದು ಮೂರನೆಯ ಪಾಠ. ದಾರ ಬಿಚ್ಚಿ ಕೈಯೆತ್ತಿದ. ಮರಿ ಕೋಡುಗಲ್ಲಿಗೆ ಹಾರಿ ಚೀಲ ಹರಿಯಿತು. ಗಾಳಿ ಅದರ ಬೆನ್ನು ಹಿಡಿಯಿತು. ಆದರೆ ಕೋಟೆಯ ಮೇಲೆ ಬಂದ ಹಕ್ಕಿ ಸುತ್ತಿತೇ ಹೊರತು ಇಳಿಯಲಿಲ್ಲ. ಸಿಳ್ಳೆಗೂ ಇಳಿಯಲಿಲ್ಲ. ಗಾಳಿಯೂ ಅದರೊಡನೆ ಮೇಲೆಯೇ ಸುತ್ತಿತು.

"ಹಕ್ಕಿಗೆಂಥ ಋಣ?" ಎಂದು ಬುರುಜಿನ ಮೇಲಿಂದ ಧೂಮಾಂಗ ನಕ್ಕ.

ಕೇತರಸ ಸುತ್ತ ನೋಡಿದ. ಊರಿಗೆ ಊರೇ ಕತ್ತೆತ್ತಿ ಮರಿಯನ್ನೇ ದಿಟ್ಟಿಸುತ್ತಿತ್ತು.

"ಎಲ್ಲರೂ ತಲೆ ತಗ್ಗಿಸಿ," ಎಂದ.

ಅರಸರೂ ಒಂದು ಮರಿಹಕ್ಕಿಗೆ ತಲೆ ತಗ್ಗಿಸಬೇಕೇ ಎಂದು ಮಂತ್ರಿ ಗೊಣಗಿದ. ಅಷ್ಟರಲ್ಲಿ ಅರಸನೇ ಎಲ್ಲರಿಗಿಂತ ಮೊದಲು ತಗ್ಗಿಸಿದ್ದ. ಆಮೇಲೆ ಊರು ತಗ್ಗಿಸಿತು. ಯಾರಿಗೂ ಎಂದೂ ಬಾಗದ ಧೂಮಾಂಗ ಮಾತ್ರ ಕತ್ತೆತ್ತಿಯೇ ನಿಂತ.

ಮಾಂಸ ಹಿಡಿದು ಚಾಚಿದ್ದ ಕೇತರಸನ ಕೈಮೇಲೆ ಭಾರ ಇಳಿಯಿತು. ಹಿಂದೆಯೇ ಗಾಳಿ ಇಳಿಯಿತು. ಧೂಮಾಂಗನ ಗಡ್ಡ ಹೋಯಿತು, ತೋಳು ಹೋಯಿತು, ನಗೆಯೂ ಹೋಯಿತು. ಬುರುಜಿನ ಮೇಲೆ ಸುಟ್ಟ ವಾಸನೆಯಷ್ಟೇ ಉಳಿಯಿತು. ಕಣಗಳಲ್ಲಿ ಹೊಟ್ಟು ಹಾರಿತು. ಅರಸ ಎದೆತುಂಬ ಉಸಿರೆಳೆದುಕೊಂಡ. ಅಂದಿನಿಂದ ಮರಳಗಿರಿಯವರು ಹೊಟ್ಟಿಲ್ಲದ ರೊಟ್ಟಿ ಉಂಡು ಸುಖವಾಗಿದ್ದರು.

ಆ ಹೊತ್ತಿನಲ್ಲಿ ಕೇತರಸ ಮಾತ್ರ ಇನ್ನೂ ಮುಖ ತಿರುಗಿಸಿಯೇ ನಿಂತಿದ್ದ.

"ಈಗ ನೋಡಬಹುದು ಕಣೋ," ಎಂದಳು ಜಕ್ಕಲೆ.

ನೋಡಿದ. ಮರಿಯೂ ಅವನನ್ನು ನೋಡಿತು, ಮತ್ತೆ ತಿನ್ನತೊಡಗಿತು.