ಹೆಬ್ಬೆರಳಿಗೆ ಕಟ್ಟಿದ ದಾರ

“ಯಾವ ಬಣ್ಣದ ಸೀರಿಗ್ರಿ?”

“ಸೀರಿಗಲ್ಲರಿ, ಬೆಕ್ಕಿಗೆ.”

ಕೊಪ್ಪಳದ ಆ ಮ್ಯಾಚಿಂಗ್ ಸೆಂಟರಿನಲ್ಲಿ ಸಿದ್ದಲಿಂಗೇಶ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ್ದು ಆಗ. ಅವನ ಕೈಯಲ್ಲಿ ತೂಗುತ್ತಿದ್ದ ರೇಷ್ಮೆ ಕುಚ್ಚುಗಳ ಗೊಂಚಲು ಹಾಗೇ ನಿಂತಿತು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

“ಹಂಗಾರ ಬೆಕ್ಕಿನ ಬಣ್ಣ ಹೇಳ್ರಿ. ಮ್ಯಾಚ್ ಮಾಡಿ ಕೊಡೋದ ನಮ್ಮ ಉದ್ಯೋಗ.”

“ಶೇಂಗಾ ಬಣ್ಣ. ಹೆಸರೂ ಶೇಂಗಾನ.”

ಶೇಂಗಾ ಮನೆಯಿಂದ ಹೊರಗೆ ಹೋಗುವ ಬೆಕ್ಕಲ್ಲ. ಮರಿಯಿದ್ದಾಗ ನಾಯಿಯ ಬಾಯಿಂದ ಬಿಡಿಸಿಕೊಂಡು ತಂದದ್ದು; ಹೊಸ್ತಿಲು ಕಂಡರೂ ಹೆದರಿಕೆ. ನಾನೋ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ದಿನವಿಡೀ ಒಂದೇ ರೂಮಿನಲ್ಲಿ ಬಿದ್ದಿರುವ ಬೆಕ್ಕನ್ನು ಆಡಿಸದಿದ್ದರೆ ಅದು ಪರದೆ ಹರಿಯುತ್ತಿತ್ತು, ನನ್ನ ಹಿಮ್ಮಡಿ ಕಚ್ಚುತ್ತಿತ್ತು. ಅದಕ್ಕೇ ದಾರಕ್ಕೆ ಕುಚ್ಚು ಕಟ್ಟಿ ಆಡಿಸುತ್ತಿದ್ದೆ. ಒಂದು ಕುಚ್ಚು ಒಂದು ವಾರ ಬಾಳುತ್ತಿತ್ತು. ಹೀಗಾಗಿ ವಾರಕ್ಕೊಮ್ಮೆ ಆ ಅಂಗಡಿ.

“ಆಡಿಸೋದು ಹೆಂಗ್ರಿ?” ಒಂದು ದಿನ ಕೇಳಿದ.

“ಮುಖದ ಮುಂದ ಅಲ್ಲಾಡಿಸಬಾರದ್ರಿ. ಇಲಿ ತಾನಾಗಿ ಬಂದು ಬೆಕ್ಕಿನ ಬಾಯಾಗ ಬೀಳ್ತೈತೇನು? ಮಂಚದ ಕಾಲಿನ ಹಿಂದಿಂದ ಒಂಚೂರು ಇಣುಕಬೇಕು, ಓಡಬೇಕು, ನಿಲ್ಲಬೇಕು. ಕಡೀಕ ಒಮ್ಮೆ ಸಿಕ್ಕಿ ಬೀಳಬೇಕು.”

“ಬೀಳಲಿಲ್ಲಂದ್ರ?”

“ಬ್ಯಾಟಿ ಮುಗಿಯಂಗಿಲ್ಲ. ಸಿಟ್ಟಿಗೇಳ್ತೈತಿ.”

“ನಾ ಲಗೂನ ಸಿಕ್ಕಿ ಬೀಳ್ತೀನ್ರಿ,” ಅಂದವನು ಟೇಪು ಎಳೆದು ಲೇಸ್ ಅಳೆಯತೊಡಗಿದ. ಕಿವಿ ಕೆಂಪಾಗಿತ್ತು. ಎರಡು ಮೀಟರ್ ಕೇಳಿದವರಿಗೆ ಮೂರು ಕತ್ತರಿಸಿದ.

ಆಮೇಲೆ ನನ್ನನ್ನು ಮೂರು ತಿಂಗಳಿಗೆ ಕುಷ್ಟಗಿಗೆ ಹಾಕಿದರು. ಅಲ್ಲಿ ಮನೆ ಕೊಟ್ಟವರು ಬೆಕ್ಕು ಬೇಡವೆಂದರು. “ಅಂಗಡಿ ಮ್ಯಾಲಿನ ನನ್ನ ರೂಮಿನ್ಯಾಗ ಇರಲಿ,” ಅಂದ ಸಿದ್ದಲಿಂಗೇಶ. ಮುಂಜಾನೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಆಟ, ಆಟದ ಮೇಲೆ ಊಟ ಎಂದು ಹತ್ತು ಸಲ ಹೇಳಿ, ಒಂದು ಪೊಟ್ಟಣ ಕುಚ್ಚು ಕೊಟ್ಟು ಬಂದೆ.

ದಿನಾ ಸಂಜೆ ವಿಡಿಯೋ ಬರುತ್ತಿತ್ತು. ಶೇಂಗಾ, ಹಸಿರು ಕುಚ್ಚು, ಅಷ್ಟೇ, ಆಡಿಸುವವರು ಕಾಣುತ್ತಿರಲಿಲ್ಲ. ಕುಚ್ಚು ಇಣುಕುತ್ತಿತ್ತು, ಅನುಮಾನಿಸುತ್ತಿತ್ತು, ಎಷ್ಟು ಹೊತ್ತು ಕಾಯುತ್ತಿತ್ತೆಂದರೆ ಕುಷ್ಟಗಿಯಲ್ಲಿ ನಾನು ಉಸಿರು ಹಿಡಿಯುತ್ತಿದ್ದೆ. ಹಿಂದೆಯೇ ಅವನ ದನಿ: “ಇವತ್ತ ಅರ್ಧ ತಾಸು ಆಡಿಸೀನಿ. ಮಣಕಾಲು ಹಿಡಕೊಂಡಾವ.”

ನಾನು ಒಲಿದದ್ದು ಅವನ ನಗುವಿಗಲ್ಲ, ಆ ಕಾಯುವಿಕೆಗೆ. ಯಲಬುರ್ಗಾದ ಅವ್ವ ಒಬ್ಬ ಮೇಷ್ಟ್ರ ಸಂಬಂಧ ಹಿಡಿದು ಕೂತಿದ್ದಳು. “ಬ್ಯಾಡವ್ವಾ. ಒಂದು ಮೂಕ ಪ್ರಾಣಿ ಸಲುವಾಗಿ ದಿನಾ ಅರ್ಧ ತಾಸು ನೆಲದ ಮ್ಯಾಲೆ ಕೂಡೋ ಹುಡುಗ ಅದಾನ,” ಅಂದೆ. ಅವ್ವ ಹತ್ತು ದಿನ ಮಾತು ಬಿಟ್ಟಳು. ಆಮೇಲೆ ಸೋಮವಾರ ಬಂದು ಹುಡುಗನನ್ನು ನೋಡಲು ಒಪ್ಪಿದಳು.

ಅದರ ಹಿಂದಿನ ಭಾನುವಾರ ಮಧ್ಯಾಹ್ನವೇ ನಾನು ಹೇಳದೆ ಕೇಳದೆ ಕೊಪ್ಪಳಕ್ಕೆ ಬಂದಿಳಿದೆ. ಅಂಗಡಿ ತುಂಬ ಜನ. ಹಿಂದಿನ ಓಣಿಯಿಂದ ಮೆಟ್ಟಿಲು ಹತ್ತಿದೆ. ರೂಮಿನ ಬಾಗಿಲು ತೆರೆದಿತ್ತು. ಶೇಂಗಾ ಇರಲಿಲ್ಲ. ನಾನು ಕೊಟ್ಟಿದ್ದ ಕುಚ್ಚಿನ ಪೊಟ್ಟಣ ಕಿಟಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು.

“ಬಾ ನನ್ನ ಕಳ್ಳಿ, ಬಾ...” ಎದುರು ಮನೆಯಿಂದ ದನಿ ಬಂತು.

ಇಳಿದು ಹೋಗಿ ನೋಡಿದೆ. ಅರವತ್ತು ದಾಟಿದ ಹೆಂಗಸು, ತೊಡೆಯ ಮೇಲೆ ಗಿರಾಕಿಯ ಸೀರೆ ಹರವಿಕೊಂಡು ಎರಡೂ ಕೈಯಲ್ಲಿ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಕಾಲಿನ ಹೆಬ್ಬೆರಳಿಗೆ ದಾರ, ದಾರದ ತುದಿಗೆ ಹಸಿರು ಕುಚ್ಚು. ಬೆರಳು ಒಂಚೂರು ಮಡಚಿಕೊಂಡಿತು. ಕುಚ್ಚು ಒಳಕಲ್ಲಿನ ಹಿಂದಿನಿಂದ ಇಣುಕಿತು, ಅನುಮಾನಿಸಿತು, ಕಾಯಿತು.

“ಯಾರವಾ?”

“ಬೆಕ್ಕು... ನಂದುರಿ.”

“ಅಯ್ಯ, ನೀನ ಏನು! ಬಾ ಕುಂದರು. ನಾ ಪಕ್ಕೀರವ್ವ. ನಾಕ ದಿನಕ್ಕ ಸಿದ್ದು ಇದನ್ನ ನನ್ನ ಬಲ್ಯಾಕ ತಂದುಬಿಟ್ಟ. ‘ಸೀರಿಗೆ ಫಾಲ್ ಹಚ್ಚತಿ, ಕುಚ್ಚು ಕಟ್ಟತಿ, ಇದೊಂದು ಕೆಲಸಾನೂ ಮಾಡಬೇ’ ಅಂದ. ಸಂಜಿಕ ಸೀರಿ ಒಯ್ಯಾಕ ಬಂದಾಗ ಎರಡು ನಿಮಿಷ ಫೋನ್ ಹಿಡೀತಾನ, ಹೋಗ್ತಾನ.”

ಶೇಂಗಾ ನನ್ನನ್ನು ನೋಡಿತು. ನೋಡಿ, ಮತ್ತೆ ಆ ಹೆಬ್ಬೆರಳಿನ ಕಡೆ ತಿರುಗಿತು.

ಅಷ್ಟರಲ್ಲಿ ಅವನೇ ಬಂದ. “ಭವಾನಿ!” ಎಂದು ಅರಳಿದ ಮುಖ, ಕಣ್ಣು ದಾರದ ಮೇಲೆ ಬಿದ್ದದ್ದೇ ಬಾಡಿತು.

“ಮಣಕಾಲು ಹೆಂಗದಾವ್ರಿ?” ಅಂದೆ. ಮೂರು ತಿಂಗಳ ಫೋನಿನಲ್ಲಿ ಉದುರಿಹೋಗಿದ್ದ ‘ರೀ’ ತಾನಾಗಿ ಬಾಯಿಗೆ ಬಂತು.

“ಬೆಕ್ಕಿಗೆ ಏನಾರ ಕಡಿಮಿ ಆಗೇತೇನು? ನೋಡು, ದುಂಡಗಾಗೇತಿ. ಅಂಗಡ್ಯಾಗ ಎಲ್ಲಾ ಹಿಂಗ ಭವಾನಿ. ಹೊಲಿಯಾಕಿ ಪಕ್ಕೀರವ್ವ, ಕೊಡೋರು ನಾವು. ಗಿರಾಕಿ ಕೇಳಂಗಿಲ್ಲ, ನಾವು ಹೇಳಂಗಿಲ್ಲ.”

“ನಾ ಗಿರಾಕಿ ಏನ್ರಿ?”

ಅವನು ಹೊಸ್ತಿಲ ಮೇಲೆ ಕುಸಿದು ಕೂತ. “ನಾಕ ದಿನ ನಾನ ಆಡಿಸ್ದೆ. ಬ್ಯಾಸರಾತು, ಖರೇನ ಹೇಳ್ತೀನಿ. ಐದನೇ ದಿನದ ವಿಡಿಯೋ ನೋಡಿ ನೀ ಅಂದಿ, ‘ಆ ಬೆಕ್ಕು ನಾನಾಗಿದ್ರ ಛಲೋ ಇತ್ತು’ ಅಂತ. ಆಮ್ಯಾಲ ಹೆಂಗ ಹೇಳಲಿ? ಆ ಮಾತು ದಿನಾ ಬೇಕಾತು ನಂಗ.”

ಅವನ ಕಣ್ಣು ನಿಜವಾಗಿಯೂ ತುಂಬಿದ್ದವು. ನನ್ನ ಸಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಿತು.

“ನಾಳಿ ನಮ್ಮವ್ವ ಬರ್ತಾಳ. ಈಗ ಹದಿನೈದು ನಿಮಿಷ ನೀವ ಆಡಿಸ್ರಿ.”

ಪಕ್ಕೀರವ್ವ ದಾರ ಬಿಚ್ಚಿ ಕೊಟ್ಟಳು. ಅವನು ಮೊದಲು ಬೆಕ್ಕಿನ ಮುಖದ ಮುಂದೆಯೇ ಅಲ್ಲಾಡಿಸಿದ. ಶೇಂಗಾ ಕಣ್ಣು ಮುಚ್ಚಿಕೊಂಡಿತು. “ಯಪ್ಪಾ, ಅದೇನು ನೊಣಾ ಹೊಡ್ಯಾಕತ್ತಿ?” ಎಂದಳು ಪಕ್ಕೀರವ್ವ. ನಾನು ಒಳಕಲ್ಲು ತೋರಿಸಿದೆ. ಮೂರನೇ ಸಲಕ್ಕೆ ಕುಚ್ಚು ಸರಿಯಾಗಿ ಇಣುಕಿತು. ಶೇಂಗಾದ ಹಿಂಗಾಲು ನಡುಗತೊಡಗಿದವು. ಅವನು ನನ್ನತ್ತ ನೋಡಿ, ತುಟಿಯ ಮೂಲೆಯಲ್ಲಿ ನಕ್ಕ. ಸುಳ್ಳೇಕೆ ಹೇಳಲಿ, ನನ್ನ ಎದೆ ಅವನ ಕಡೆಗೇ ಹೊರಳಿತು.

ಅಂಗಡಿಯ ಹಿಂಬಾಗಿಲಿಂದ ಯಾರೋ ಕೂಗಿದರು: “ಸಿದ್ದಣ್ಣಾ, ಜರಿ ಲೇಸ್ ಐತೇನು?”

“ಬಂದೆರೀ ಅಕ್ಕಾರ!”

ಅವನು ಬೆಕ್ಕಿನತ್ತ ತಿರುಗಿ ನೋಡಲೂ ಇಲ್ಲ. “ಒಂದ ನಿಮಿಷ ಹಿಡೀಬೇ,” ಎಂದು ದಾರವನ್ನು ಪಕ್ಕೀರವ್ವನ ಕೈಗಿಟ್ಟು ಎದ್ದು ಹೋದ.

ಹಾರಲು ಕೂತ ಬೆಕ್ಕು ಕೂತೇ ಇತ್ತು. ಪಕ್ಕೀರವ್ವ ದಾರ ನೋಡಿದಳು, ನನ್ನ ಮುಖ ನೋಡಿದಳು. ಮೆಲ್ಲಗೆ ಎಳೆದು, ನಿಲ್ಲಿಸಿ, ಕುಚ್ಚು ಅದಕ್ಕೆ ಸಿಗುವಂತೆ ಮಾಡಿದಳು.

ಬುಟ್ಟಿಯಲ್ಲಿ ಶೇಂಗಾನನ್ನು ಇಟ್ಟುಕೊಂಡು ಆಟೋ ಹತ್ತುವಾಗ ಅವನು ಓಡಿ ಬಂದ. ಕೊರಳಲ್ಲಿ ಇನ್ನೂ ಟೇಪು.

“ನಾ ಕಲೀತೀನಿ ಭವಾನಿ.”

“ಕಲೀತೀರಿ. ಆದ್ರ ಇನ್ಮ್ಯಾಲೆ ನಿಮ್ಮ ಪ್ರತಿಯೊಂದು ಮಾತಿನ ಹಿಂದ ಯಾರ ಕೈ ಐತಿ ಅಂತ ನಾ ಇಣುಕಿ ನೋಡಬೇಕಾಗ್ತೈತ್ರಿ.”

ಅವನು ಆಟೋದ ಕಂಬಿ ಬಿಟ್ಟ. ಒಂದೊಂದೇ ಬೆರಳಾಗಿ ಬಿಟ್ಟ.

ದಾರಿಯಲ್ಲೇ ಅವ್ವನಿಗೆ ಫೋನ್ ಮಾಡಿದೆ. “ನಾಳಿ ಬಸ್ ಹತ್ತಬ್ಯಾಡವ್ವಾ.”

“ಯಾಕ? ಹುಡುಗ ಕೆಟ್ಟಾಂವೇನು?”

“ಕೆಟ್ಟಾಂವ ಅಲ್ಲವ್ವಾ. ಛಲೋ ಅಂಗಡಿಯಾಂವ.”

ಅವ್ವ ಕೇಳಿದಳು, “ಉಂಡಿಯೇನು?”

ಅಲ್ಲಿಯವರೆಗೆ ಬಾರದ ಅಳು ಆಗ ಬಂತು.