ಆಡುಗಟ್ಟೆಯ ಕೆಂಪು ಗುರುತುಗಳು

ಸೆಪ್ಟೆಂಬರ್ 13, ಶನಿವಾರ. ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಇರ್ಮಾ ಪೆರ್ಕೊ ಎಂಬ ಮಹಿಳೆ ಲಾಝ್ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟಳು. ಆಕೆಯ ಗಂಡ ತಿಲೆನ್, ವಯಸ್ಸು 44, ಓರ್ಲೋವೆಟ್ಸ್ ಪ್ರಕೃತಿ ಉದ್ಯಾನದಲ್ಲಿ ಪರ್ವತಾರೋಹಣದ ದಾರಿಗಳನ್ನು ಯೋಜಿಸುವ ಅಧಿಕಾರಿ. ಶುಕ್ರವಾರ ಬೆಳಿಗ್ಗೆ ಐದೂವರೆಗೆ ಹೊಸ ದಾರಿಯ ತಪಾಸಣೆಗೆಂದು ಒಬ್ಬನೇ ಹತ್ತಿದವನು ಮರಳಿರಲಿಲ್ಲ. ರಕ್ಷಣಾ ತಂಡ ಅಂದು ಸಂಜೆಯೊಮ್ಮೆ, ರಾತ್ರಿಯೆಲ್ಲ ಇನ್ನೊಮ್ಮೆ ಹುಡುಕಿ ಬೆಳಗಿನ ಜಾವ ಬರಿಗೈಯಲ್ಲಿ ಇಳಿದಿತ್ತು. ಶುಕ್ರವಾರ ಬೆಳಿಗ್ಗೆಯಿಂದಲೇ ಶಿಖರಕ್ಕೆ ಮೋಡ ಕವಿದು ಹೆಲಿಕಾಪ್ಟರ್ ಮೇಲೇಳುವಂತಿರಲಿಲ್ಲ. ಮೇಲೆ ಉಷ್ಣಾಂಶ ಎರಡು ಡಿಗ್ರಿ.

ಲಾಝ್ ಠಾಣೆ ಸೈಕಲ್ ಕಳ್ಳತನಕ್ಕೂ ಬೆಚ್ಚಿಬೀಳುವ ಠಾಣೆ. ಆದರೆ ಇನ್‌ಸ್ಪೆಕ್ಟರ್ ವೋಯ್ಕೊ ಕಾವ್ಚಿಚ್ ಬೆಚ್ಚುವ ಜಾತಿಯವನಲ್ಲ. ಕಾನ್‌ಸ್ಟೇಬಲ್ ನೇಝಾ ಎಫ್‌ಐಆರ್ ಬರೆಯುತ್ತಿದ್ದಂತೆ ಅವನು ಕುರ್ಚಿ ಎಳೆದು ಇರ್ಮಾಳ ಎದುರು ಕೂತ.

"ಯಾವ ದಾರೀಲಿ ಹುಡುಕಿದ್ರು?"

"ನಕ್ಷೆ ದಾರೀಲಿ. ನಮ್ಮ ಯಜಮಾನ್ರು ಎಳೆದ ಗೆರೆ ಮೇಲೇ ಎರಡು ಸಲ ಹೋಗಿಬಂದ್ರು."

"ಮತ್ತೇನು ಅನುಮಾನ ನಿಮಗೆ?"

"ನಮ್ಮೋರು ತಪಾಸಣೆಗೆ ಹೋದಾಗ ನಕ್ಷೆ ತೆಗೆಯಲ್ಲ ಸರ್. ಅದು ಚೀಲದೊಳಗೇ. ಏನೂ ಗೊತ್ತಿಲ್ಲದ ಪ್ಯಾಟೆಯೋನ ಥರ, ಬಂಡೆ ಮೇಲಿನ ಗುರುತು ನೋಡ್ಕೊಂಡೇ ನಡೀತಾರೆ. ಗುರುತು ಎಲ್ಲಿಗೆ ಕರ್ಕೊಂಡು ಹೋಗುತ್ತೋ ಅಲ್ಲಿಗೆ."

"ಇದನ್ನ ತಂಡದವರಿಗೆ ಹೇಳಿದ್ರಾ?"

"ಹೇಳಿದೆ. ಗುರುತೂ ಅದೇ ದಾರೀಲಿ ತಾನೇ ಇರೋದು ತಾಯಿ, ಅಂದ್ರು." ಆಕೆ ನೇಝಾ ಬರೆಯುತ್ತಿದ್ದ ಹಾಳೆಯ ಮೇಲೆ ಕೈಯಿಟ್ಟು ತಡೆದಳು. "ಒಂದು ರಾತ್ರಿ ಕಳೆದೋಯ್ತು ಸರ್. ಇನ್ನೊಂದು ರಾತ್ರಿ ಅವ್ರು ತಡೆಯಲ್ಲ."

ಕಾವ್ಚಿಚ್ ಎದ್ದು ಬೂಟಿನ ದಾರ ಬಿಗಿದ. "ನೇಝಾ, ಹೊರಡು. ಇವತ್ತು ನಾವೂ ಪ್ಯಾಟೆಯೋರೇ."

8 ಗಂಟೆ 25ಕ್ಕೆ ಇಬ್ಬರೂ, ಊರವರೊಬ್ಬರು ತಂದುಕೊಟ್ಟ ಬಟಾಣಿ ಸಾರು ಆಗಷ್ಟೇ ಕುಡಿದಿದ್ದ ರಕ್ಷಣಾ ತಂಡದ ನಾಲ್ವರೊಂದಿಗೆ ಹತ್ತತೊಡಗಿದರು. ಕೆಂಪು ಬಳೆ, ನಡುವೆ ಬಿಳಿ ಬೊಟ್ಟು: ನಮ್ಮ ಬೆಟ್ಟಗಳಲ್ಲಿ ದಾರಿ ಎಂದರೆ ಅದೇ. ಹಾಲಿನಂಥ ಮಂಜಿನಲ್ಲಿ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಕಣ್ಣು ಕೀಲಿಸಿಕೊಂಡು ನಡೆಯಬೇಕಿತ್ತು. ನೇಝಾಳ ಕೈಯಲ್ಲಿ ತಿಲೆನ್ ಎಳೆದ ಗೆರೆ ತುಂಬಿದ ಜಿಪಿಎಸ್ ಇತ್ತು. ಅದು ಮಾತಾಡುವವರೆಗೂ ನೀನೂ ಮಾತಾಡಬೇಡ ಎಂದಿದ್ದ ಕಾವ್ಚಿಚ್.

10 ಗಂಟೆ 50ಕ್ಕೆ ಅದು ಕೀಚಲು ದನಿ ತೆಗೆಯಿತು.

"ಸರ್, ಗೆರೆ ಬಿಟ್ಟು ಎಡಕ್ಕೆ ಬಂದಿದೀವಿ."

"ಗುರುತು?"

"ಮುಂದೆ ಇದೆ. ಅದರ ಮುಂದೆ ಇನ್ನೊಂದು."

ರಕ್ಷಣಾ ತಂಡದ ಮುಖ್ಯಸ್ಥ ಬಂಡೆಯನ್ನು ಮುಟ್ಟಿ ನೋಡಿದ. ಅವನ ಮುಖ ಬಿಳಿಚಿತು. "ಇದು ಆಡುಗಟ್ಟೆ ಕಡೆ ಹೋಗೋ ಹಳೇ ದಾರಿ. ಜೂನ್‌ನಲ್ಲೇ ಮುಚ್ಚಿದ್ದಾರೆ. ಹೊಸ ದಾರಿಯಿಂದ ಇಲ್ಲಿಗೆ ಸೇರಿಸೋ ಗುರುತು ಇರಲೇಬಾರದು!"

"ನಿನ್ನೆ ನಿಮಗೆ ಕಾಣಲಿಲ್ವಾ?"

"ನಾವು ಯಂತ್ರ ನೋಡ್ಕೊಂಡು ನಡೆದ್ವಲ್ಲ ಸರ್..." ಆ ಬಡಪಾಯಿ ತನ್ನ ಯಂತ್ರವನ್ನು ಜೇಬಿಗೆ ತುರುಕಿಕೊಂಡ.

ಹನ್ನೊಂದು ಗುರುತು ದಾಟಿದ ಮೇಲೆ ಆಡುಗಟ್ಟೆ ಶುರುವಾಯಿತು. ಕಡಿದಾದ ಬಂಡೆಯ ನಡುವೆ ಎರಡಡಿ ಅಗಲದ ಅಂಚು. ಅಲ್ಲಿ ಹಳೆಯ ಗುರುತುಗಳು ಮಾಸಿದ್ದರೂ ಕಾಣುತ್ತಿದ್ದವು. ಹಗ್ಗ ಕಟ್ಟಿಕೊಂಡು ಒಬ್ಬೊಬ್ಬರಾಗಿ ಸರಿದರು. ಮೂಲೆ ತಿರುಗಿದ ಕೂಡಲೇ ಮುಂದಿದ್ದವನು ಕೈ ಎತ್ತಿ ನಿಲ್ಲಿಸಿದ. ಅಂಚು ಅಲ್ಲಿಗೇ ಮುಗಿದಿತ್ತು. ನಾಲ್ಕು ಮೀಟರಿನಷ್ಟು ಕಲ್ಲು ಕಳೆದ ಚಳಿಗಾಲದಲ್ಲಿ ಯಾರ ಗಮನಕ್ಕೂ ಬಾರದೆ ಕುಸಿದು ಹೋಗಿ, ಕೆಳಗೆ ಮಂಜಲ್ಲದೆ ಏನೂ ಇರಲಿಲ್ಲ.

"ತಿಲೆನ್!" ನೇಝಾ ಕೂಗಿದಳು.

ಉತ್ತರವಿಲ್ಲ. ಮತ್ತೆ ಕೂಗಿದಳು. ಮೂರನೆಯ ಸಲಕ್ಕೆ ಕೆಳಗಿನಿಂದ ಕಲ್ಲಿಗೆ ಕಲ್ಲು ಬಡಿದ ಸದ್ದು ಕೇಳಿಸಿತು. ಟಕ್. ತಡೆದು ಇನ್ನೊಮ್ಮೆ, ಟಕ್. ನೇಝಾ ಅಲ್ಲೇ ಅತ್ತುಬಿಟ್ಟಳು.

ಹದಿನೈದು ಮೀಟರ್ ಕೆಳಗಿನ ಚಾಚುಬಂಡೆಯ ಮೇಲೆ ತಿಲೆನ್ ಬಿದ್ದಿದ್ದ. ಸೊಂಟ ಮುರಿದಿತ್ತು, ತುಟಿ ನೀಲಿಗಟ್ಟಿತ್ತು, ಮಾತು ನಿಂತಿತ್ತು. ಹೆಲಿಕಾಪ್ಟರಿಗೆ ಮೋಡ ಬಿರಿಯಬೇಕು, ಮೋಡಕ್ಕೆ ಪೊಲೀಸರ ಹಂಗಿಲ್ಲ. ಕಂಬಳಿ ಹೊದಿಸಿ, ಬಿಸಿನೀರಿನ ಚೀಲವಿಟ್ಟು, ಎರಡು ಗಂಟೆ ಅವನ ಕೆನ್ನೆ ತಟ್ಟುತ್ತ ಎಚ್ಚರವಾಗಿಟ್ಟರು. 1 ಗಂಟೆ 35ಕ್ಕೆ ಮೋಡ ಬಿರಿಯಿತು. ಅವನನ್ನು ಎತ್ತಿಕೊಂಡು ಹೋದರು. ಬದುಕುತ್ತಾನೆಂದು ಯಾರೂ ಹೇಳಲಿಲ್ಲ.

ಬಂದ ದಾರಿಯಲ್ಲೇ ಮರಳುವಾಗ ಕಾವ್ಚಿಚ್ ಸುಳ್ಳು ಗುರುತುಗಳ ಪಂಚನಾಮೆ ಮಾಡಿಸಿದ. ಮೂರನೆಯ ಬಂಡೆಯ ಹತ್ತಿರ ಅವನು ನಿಂತುಬಿಟ್ಟ.

"ಯಾವನೋ ಕಿಡಿಗೇಡಿ ಸರ್," ಎಂದಳು ನೇಝಾ. "ಕುಡಿದು ಬಳಿದಿರ್ತಾನೆ."

"ಕುಡಿದೋನು ಮೊದಲು ತಂತಿ ಬ್ರಷ್ಷಲ್ಲಿ ಕಲ್ಲಿನ ಪಾಚಿ ಉಜ್ಜುತ್ತಾನಾ? ಇಲ್ಲಿ ನೋಡು, ಬೊಟ್ಟು ಎಷ್ಟು ದುಂಡಗಿದೆ. ಆಮೇಲೆ ಈ ಕಡೆ ಬಾ."

ಬಂಡೆಯ ಹಿಂಬದಿಯಲ್ಲೂ ಒಂದು ಗುರುತಿತ್ತು, ಇಳಿದು ಬರುವವರ ಕಣ್ಣಿಗೆ ಬೀಳುವಂತೆ. ಎಣಿಸಿದರು. ಹೋಗಲು ಹನ್ನೊಂದು, ಬರಲು ಹನ್ನೊಂದು. ಇಂಥ ಶ್ರದ್ಧೆ ಬೆಟ್ಟದ ದಾರಿಗಳಿಗೆ ಬಣ್ಣ ಬಳಿಯುವ ಗುರುತುಗಾರರ ಸಂಘದವರಿಗೆ ಮಾತ್ರ ಇರುತ್ತದೆ. ಲಾಝ್‌ನಲ್ಲಿ ಅವರು ಆರು ಜನ. ಸಂಜೆಯೊಳಗೆ ಐವರ ಹೇಳಿಕೆ ಪಡೆದದ್ದಾಯಿತು. ಆಗಸ್ಟ್‌ನಲ್ಲಿ ಹೊಸ ದಾರಿಗೆ ಬಣ್ಣ ಹಚ್ಚಿದವರು ಅವರೇ, ಒಟ್ಟಿಗೇ ಹತ್ತಿ ಒಟ್ಟಿಗೇ ಇಳಿದಿದ್ದರು. ಆ ಕೆಲಸಕ್ಕೆ ಬರುವುದಿಲ್ಲ ಎಂದವನು ಒಬ್ಬನೇ: ಸಿಲ್ವೋ ಮ್ರಾಕ್, ವಯಸ್ಸು 71.

ಸೆಪ್ಟೆಂಬರ್ 14, ಭಾನುವಾರ, 9 ಗಂಟೆ 10 ನಿಮಿಷ. ಸಿಲ್ವೋ ಅಂಗಳದಲ್ಲಿ ಸೇಬು ಹೆಚ್ಚಿ ಒಣಹಾಕುತ್ತಿದ್ದ. ಎದ್ದು ನಿಲ್ಲಲು ಹೋಗಿ ಎಡಮೊಣಕಾಲು ಹಿಡಿದುಕೊಂಡು ಮತ್ತೆ ಕೂತ.

"ಆಡುಗಟ್ಟೆ ದಾರಿಗೆ ಗುರುತು ಹಾಕಿದ್ದು ಯಾರು ತಾತ?"

"ನಾನೇ. ಮೂವತ್ತೊಂದು ವರ್ಷದಿಂದ. ಊರಿಗೇ ಗೊತ್ತು."

"ಹಳೇದಲ್ಲ. ಹೊಸ ದಾರಿಯಿಂದ ಅಲ್ಲಿಗೆ ತಿರುಗಿಸಿರೋದು."

"ನನಗೇನು ಗೊತ್ತು? ಮಂಡಿ ನೋವು. ಮನೆ ಬಿಟ್ಟು ಎಲ್ಲೂ ಹೋಗಲ್ಲ."

ಕಾವ್ಚಿಚ್ ಒಂದು ಹೋಳು ಸೇಬು ಬಾಯಿಗೆ ಹಾಕಿಕೊಂಡ. "ಯಾವನೋ ಕೆಲಸ ಬರದೋನು ಬಿಡಿ. ಪಾಚಿ ಮೇಲೇ ಬಳಿದಿದ್ದಾನೆ. ಹೋದೋನು ವಾಪಸ್ ಬರೋಕೆ ಒಂದೇ ಒಂದು ಗುರುತು ಹಾಕಿಲ್ಲ, ಬೇಜವಾಬ್ದಾರಿ ನನ್ಮಗ."

ಮುದುಕನ ಚಾಕು ನಿಂತಿತು. ಕತ್ತು ಕೆಂಪಾಯಿತು.

"ಹಾಕದೆ ಏನು? ಬಂಡೆ ಹಿಂದೆ ಹೋಗಿ ನೋಡಿದ್ರಾ? ಪೊಲೀಸರಿಗೆ ಕಣ್ಣು..."

ಅಷ್ಟಕ್ಕೇ ಮಾತು ನುಂಗಿದ. ನುಂಗಿ ಫಲವಿರಲಿಲ್ಲ. ನೇಝಾ ಅದಾಗಲೇ ಸಮಯ ಬರೆದುಕೊಂಡಿದ್ದಳು: 9 ಗಂಟೆ 16.

"ಯಾವಾಗ ಹಾಕಿದ್ದು?"

"ಮಂಗಳವಾರ. ಗಟ್ಟೆ ಬಾಯಿ ತನಕ ಹೋದೆ. ಮುಂದಕ್ಕೆ ಮಂಡಿ ಬರಲ್ಲ ಅಂತು."

"ಗಟ್ಟೆ ಮೂಲೆ ಆಚೆ ನೋಡಿದ್ರಾ?"

"ನೋಡೋದೇನು? ಅದು ಗಟ್ಟಿ ಕಲ್ಲು."

"ಆ ಗಟ್ಟಿ ಕಲ್ಲು ಬಿದ್ದುಹೋಗಿದೆ. ತಿಲೆನ್ ಅದರ ಕೆಳಗೆ ಸಿಕ್ಕ."

ಸಿಲ್ವೋನ ಕೈ ಬುಟ್ಟಿಯಲ್ಲಿ ಇಲ್ಲದ ಸೇಬನ್ನು ಹುಡುಕುತ್ತಿತ್ತು.

"ಇನ್ನೊಂದು ಹೇಳಿ," ಎಂದ ಕಾವ್ಚಿಚ್. ಈಗ ಅವನ ದನಿ ಏರಿತ್ತು. "ಶನಿವಾರ ಬೆಳಿಗ್ಗೆ ರಕ್ಷಣಾ ತಂಡಕ್ಕೆ ಪಾತ್ರೆ ತುಂಬ ಬಟಾಣಿ ಸಾರು ತಂದುಕೊಟ್ಟೋರು ನೀವೇ ತಾನೆ? ಅವನು ಎಲ್ಲಿರಬಹುದು ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಸಾರು ಬಡಿಸಿದ ಬಾಯಲ್ಲಿ ಒಂದು ಮಾತು ಬರಲಿಲ್ವಾ?"

"ಗಟ್ಟೆ ಮೇಲೆ ಹೋಗಿರಲ್ಲ ಅನ್ಕೊಂಡೆ. ಹೋದ್ರೂ ಅಲ್ಲಿ ಯಾರೂ ಬೀಳಲ್ಲ. ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಬಿದ್ದಿಲ್ಲ ಸರ್." ಚಾಕುವನ್ನು ಬುಟ್ಟಿಗೆ ಹಾಕಿ ಹೇಳಿದ, "ಹೆದರಿಕೆನೂ ಆಯ್ತು."

9 ಗಂಟೆ 40ಕ್ಕೆ ಅವನನ್ನು ಬಂಧಿಸಲಾಯಿತು. ಬೇಡಿ ತೊಡಿಸಲಿಲ್ಲ. ಜೀಪು ಹತ್ತಲು ನೇಝಾ ತೋಳು ಕೊಟ್ಟಳು.

ಮನೆ ಶೋಧದಲ್ಲಿ ಕೆಂಪು, ಬಿಳಿ ಬಣ್ಣದ ಡಬ್ಬಿಗಳು ಸಿಕ್ಕವು. ಪಕ್ಕದಲ್ಲಿ ಬೂದು ಬಣ್ಣದ ಇನ್ನೊಂದು ಡಬ್ಬಿ, ಮುಚ್ಚಳ ತೆಗೆಯದ್ದು. ಅದಕ್ಕೆ ಜೂನ್ ತಿಂಗಳ ಪತ್ರವೊಂದನ್ನು ಅಂಟಿಸಲಾಗಿತ್ತು. ಆಡುಗಟ್ಟೆ ದಾರಿಯನ್ನು ರದ್ದು ಮಾಡಲಾಗಿದೆ, ಹಾಕಿದವರೇ ಗುರುತುಗಳನ್ನು ಈ ಬಣ್ಣದಿಂದ ಅಳಿಸತಕ್ಕದ್ದು, ಎಂದಿತ್ತು. ಸಹಿ ತಿಲೆನ್‌ನದು. ಬರೆದವನಿಗೆ ಅದೊಂದು ಕಚೇರಿ ಕಾಗದ. ಓದಿದವನಿಗೆ ಹಾಗಿರಲಿಲ್ಲ.

11 ಗಂಟೆಗೆ ಆಸ್ಪತ್ರೆಯಿಂದ ಇರ್ಮಾ ಫೋನ್ ಮಾಡಿದಳು. ತಿಲೆನ್‌ಗೆ ಪ್ರಜ್ಞೆ ಬಂದಿತ್ತು. ಜೀವಕ್ಕೆ ಭಯವಿಲ್ಲ. ಕೋಲು ಹಿಡಿದು ನಡೆದಾನು, ಬೆಟ್ಟ ಹತ್ತುವುದು ಮಾತ್ರ ಇನ್ನಿಲ್ಲ ಎಂದಿದ್ದರು ವೈದ್ಯರು. ಕಾವ್ಚಿಚ್ ಅದನ್ನು ಇದ್ದ ಹಾಗೇ ಸಿಲ್ವೋಗೆ ಹೇಳಿದ. ಮುದುಕ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ.

ನೇಝಾ ಹೇಳಿಕೆಯನ್ನು ಓದಿ ಹೇಳಿದಳು. ಮುಂದಿನ ಭಾನುವಾರ ಹೊಸ ದಾರಿಯ ಉದ್ಘಾಟನೆಗೆ ನಲವತ್ತು ಜನ ಬರುವವರಿದ್ದರು. ಅವರು ಒಂದು ಸಲ ಆಡುಗಟ್ಟೆಯ ಮೇಲೆ ನಡೆದರೆ, ಅಲ್ಲಿಂದ ಕಾಣುವ ಕಣಿವೆ ನೋಡಿದರೆ, ಅದನ್ನು ಮುಚ್ಚಬೇಡಿ ಎಂದು ತಾವೇ ಹೇಳುತ್ತಾರೆ. ಆರೋಪಿಯ ಉದ್ದೇಶ ಇಷ್ಟೇ. ಯಾರ ಮೇಲೂ ಹಗೆಯಿರಲಿಲ್ಲ.

"ಸರಿ ಇದೆಯಾ ತಾತ? ಸಹಿ ಹಾಕ್ತೀರಾ?"

"ಪತ್ರ, ಉದ್ಘಾಟನೆ, ಅದೆಲ್ಲ ಆಮೇಲೆ ಬರಲಿ ಕಣಮ್ಮ," ಎಂದ ಸಿಲ್ವೋ. "ಹಿಮ ಕರಗಿದ ಮೇಲೆ ಗುರುತುಗಾರ ದಾರಿ ಪೂರ್ತಿ ನಡೆದು ನೋಡಬೇಕು. ಆಮೇಲೇ ಬ್ರಷ್ ಮುಟ್ಟಬೇಕು. ಉಳಿದ ಐದು ಜನಕ್ಕೂ ಅದನ್ನ ಕಲಿಸಿದೋನು ನಾನು. ನಡೆಯದೇ ಇರೋ ದಾರಿಗೆ ಗುರುತು ಹಾಕಿದೆ ಅಂತ ಬರಿ. ಅದನ್ನ ಮೊದಲು ಬರಿ."

ನೇಝಾ ಇನ್‌ಸ್ಪೆಕ್ಟರ್ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅವಳು ಹೊಸ ಹಾಳೆ ತೆಗೆದು, ಆ ವಾಕ್ಯದಿಂದಲೇ ಹೇಳಿಕೆಯನ್ನು ಮತ್ತೆ ಶುರುಮಾಡಿದಳು.