ಚೇಳೂರಿನ ಮುನ್ನೂರು ಸುಳ್ಳು ಗಿಟುಕು

ವಿಜಯದಶಮಿಯ ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಕದರಮ್ಮ ನಮ್ಮ ಬಾಗಿಲು ಬಡಿದಳು. ಚಿಲಕ ಕಿತ್ತು ಬರುವ ಹಾಗೆ ಬಡಿದಳು. ನಾನು ಆಗಷ್ಟೇ ಎರಡನೇ ಲೋಟ ಕಾಫಿ ಬಾಯಿಗಿಟ್ಟಿದ್ದೆ. ಆ ಲೋಟ ಕೆಟ್ಟರೆ ನನ್ನ ಇಡೀ ದಿನ ಕೆಡುತ್ತದೆ, ಹಾಗಾಗಿ ಗೊಣಗುತ್ತಲೇ ಬಾಗಿಲು ತೆಗೆದೆ.

"ಮಂಜುಳಮ್ಮೋರ ಮನೆ ಇದೇನಾ ಸ್ವಾಮಿ? ಇವತ್ತು ಸಾಯಂಕಾಲ ನನ್ ಮಗಳನ್ನ ಪೊಲೀಸ್ರಿಗೆ ಹಿಡ್ಕೊಟ್ಬುಡ್ತಾರಂತೆ!" ಎಂದವಳೇ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳ ಕಣ್ಣಿಗೆ ಆಸ್ಪತ್ರೆಯವರು ಕೊಡುವ ಕಪ್ಪು ಕನ್ನಡಕವಿತ್ತು. ನಾನು ಗೊಣಗಾಟ ಬಿಟ್ಟು ಒಳಗಿಂದ ನೀರು ತಂದೆ.

ನಾನು ಅನಂತರಾಜು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದವನು. ತುಮಕೂರಿನ ಶಿರಾ ಗೇಟ್ ಹತ್ತಿರ ಮಂಜುಳಮ್ಮನವರ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಮಂಜುಳಮ್ಮ ಖಜಾನೆಯಲ್ಲಿ ಅಧಿಕಾರಿಯಾಗಿದ್ದವರು. ಎರಡು ಬೀಗದ ಕೋಣೆ, ಇಬ್ಬರ ಕೈಯಲ್ಲಿ ಎರಡು ಕೀಲಿಕೈ, ಇದರಲ್ಲೇ ಅವರ ಆಯುಷ್ಯ ಸವೆದಿದೆ. ಈಗ ಊರವರ ಕಗ್ಗಂಟು ಬಿಡಿಸುತ್ತಾರೆ. ನಾನು ಅವರ ಬ್ಯಾಗು ಹೊರುತ್ತೇನೆ, ಬೈಸಿಕೊಳ್ಳುತ್ತೇನೆ. ಅಕ್ಕ ಎಂದೇ ಕರೆಯುತ್ತೇನೆ.

ಕದರಮ್ಮನನ್ನು ಕೆಳಗೆ ಅಕ್ಕನ ಮುಂದೆ ಕೂರಿಸಿದೆ. ಅವಳು ನೀರು ಕುಡಿದು ಹೇಳಿದ್ದು ಇಷ್ಟು. ಅವಳ ಮಗಳು ತೇಜಸ್ವಿನಿ ಗುಬ್ಬಿ ತಾಲ್ಲೂಕು ಚೇಳೂರಿನ ತೆಂಗು ಬೆಳೆಗಾರರ ಕಂಪನಿಯಲ್ಲಿ ಮ್ಯಾನೇಜರ್. ರೈತರು ಅಟ್ಟದಲ್ಲಿ ಒಣಗಿಸಿದ ಉಂಡೆ ಕೊಬ್ಬರಿಯನ್ನು ಕಂಪನಿಯ ಗೋದಾಮಿನಲ್ಲಿಟ್ಟರೆ, ಕ್ವಿಂಟಾಲಿಗೆ ಒಂದರಂತೆ ಅವರ ಫೋನಿಗೆ ಒಂದು ಟೋಕನ್ ಬರುತ್ತದೆ. ಅದಕ್ಕೆ ಗಿಟುಕು ಎಂದು ಹೆಸರು. ಗಿಟುಕು ಕೊಟ್ಟು ಗೊಬ್ಬರ ಕೊಳ್ಳಬಹುದು, ಬೇರೆಯವರಿಗೆ ಮಾರಬಹುದು, ಬೇಡವೆಂದರೆ ಕೊಬ್ಬರಿಯನ್ನೇ ಎತ್ತಬಹುದು. ಲೆಕ್ಕವೆಲ್ಲ ಬ್ಲಾಕ್‌ಚೈನ್ ಲೆಡ್ಜರಿನಲ್ಲಿ. ಒಂದೇ ಪುಸ್ತಕದ ನಕಲು ಹತ್ತಾರು ಕಡೆ ಇರುತ್ತದಂತೆ. ಬರೆದದ್ದನ್ನು ಯಾರೂ ಅಳಿಸುವಂತಿಲ್ಲ.

ಹೊಸ ಗಿಟುಕು ಹುಟ್ಟಿಸುವ ಅಧಿಕಾರ ಮೂವರದು: ಅಧ್ಯಕ್ಷ ವೆಂಕಟರಂಗಯ್ಯ, ನಿರ್ದೇಶಕ ಗಂಗಾಧರ್, ತೇಜಸ್ವಿನಿ. ಮೂವರಿಗೂ ಪೆನ್‌ಡ್ರೈವ್‌ನಂಥ ಒಂದೊಂದು ಸಾಧನ. ಊರವರು ಅದನ್ನು ಮುದ್ರೆ ಎನ್ನುತ್ತಾರೆ. ಅದರ ಪಿನ್ ಒತ್ತಿ ಯಾವುದಾದರೂ ಎರಡು ಮುದ್ರೆ ಬಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಯಾರಿಗಾದರೂ ಹೊಸ ಖಾತೆ ತೆರೆಯುವುದಕ್ಕೂ ಅಷ್ಟೇ. ಆಯುಧಪೂಜೆಯ ದಿನ ಸಂಜೆ ನಾಲ್ಕು ಹನ್ನೆರಡಕ್ಕೆ, ಗೋದಾಮಿಗೆ ಒಂದು ಚೀಲವೂ ಬಾರದೆ, ಮುನ್ನೂರು ಗಿಟುಕು ಹುಟ್ಟಿ ಕುಣಿಗಲ್ಲಿನ ಆಂಜನಪ್ಪ ಎಂಬ ವ್ಯಾಪಾರಿಯ ಖಾತೆಗೆ ಹೋಗಿದ್ದವು. ಬಿದ್ದಿದ್ದು ಅಧ್ಯಕ್ಷರ ಮುದ್ರೆ ಮತ್ತು ತೇಜಸ್ವಿನಿಯ ಮುದ್ರೆ.

"ಆದ್ರೆ ಮುದ್ರೆ ಮೂರೂ ದೇವ್ರ ಮುಂದೆ ತಟ್ಟೇಲಿದ್ವು ಕಣ್ರವ್ವ," ಎಂದಳು ಕದರಮ್ಮ. "ಆಯುಧ ಪೂಜೆಗಿಟ್ಮೇಲೆ ಮಾರನೇ ದಿನದವರ್ಗೂ ಯಾರೂ ಮುಟ್ಟಕಿಲ್ಲ. ಕೋಣೆಗೆ ಎರಡು ಬೀಗ. ಒಂದು ಕೀ ಅಧ್ಯಕ್ಷರ ತಾವ, ಇನ್ನೊಂದು ನನ್ ಮಗಳ ತಾವ. ಇವ್ಳೇ ಕಂಪ್ಯೂಟ್ರು ಓದಿರೋಳು, ಮುದ್ರೆಗಳ ಕಳ್ಳ ನಕಲು ಮಾಡ್ಕೊಂಡವ್ಳೆ ಅಂತಾವ್ರೆ."

"ಆ ಗಿಟುಕು ಈಗೆಲ್ಲಿವೆ?" ಎಂದರು ಅಕ್ಕ.

"ಅದೇ ಖಾತೇಲವೆ. ಹೊಸ ಗಿಟುಕಿಗೆ ಎರಡು ದಿನ ಮಾಲು ಎತ್ತಂಗಿಲ್ಲ. ಇವತ್ತು ನಾಕು ಗಂಟೆ ಮೇಲೆ ಎತ್ಬೋದು. ನಮ್ ಕೊಬ್ರೀನೂ ಆ ಗೋದಾಮಲ್ಲೇ ಐತೆ. ಹೋದ್ರೆ ಹೋಗ್ಲಿ ಬುಡಿ, ನನ್ ಮಗಳು ಕಳ್ಳಿ ಅನ್ನಿಸ್ಕೋಬಾರ್ದು."

ಮಂಜುಳಮ್ಮ ಅವಳ ಕನ್ನಡಕವನ್ನೇ ನೋಡುತ್ತಿದ್ದರು. "ಕಣ್ಣಿನ ಆಪರೇಷನ್ ಯಾವತ್ತು ಆಯ್ತು?"

ಇದೆಂಥ ಪ್ರಶ್ನೆ ಎಂದು ನನಗೆ ರೇಗಿತು. "ಗಣೇಶನ ಹಬ್ಬ ಆಗಿ ನಾಕನೇ ದಿನಕ್ಕೆ. ಇದೇ ತುಮಕೂರಲ್ಲಿ. ಒಂದು ವಾರ ನನ್ ಮಗಳು ಪಕ್ಕ ಬಿಟ್ಟು ಅಲ್ಲಾಡ್ಲಿಲ್ಲ," ಎಂದಳು ಕದರಮ್ಮ.

"ಅನಂತು, ಬ್ಯಾಗ್ ತಗೋ," ಎಂದರು ಅಕ್ಕ. ನನ್ನ ಕಾಫಿ ಆರಿ ನೀರಾಗಿತ್ತು.

ಬಸ್ಸಿನಲ್ಲಿ ನಾನು ಕುಣಿಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಟೀ ಅಂಗಡಿ ಇಟ್ಟಿರುವ ಹಳೆಯ ಸ್ನೇಹಿತ ತಿಮ್ಮರಾಜುವಿಗೆ ಫೋನ್ ಮಾಡಿ, ಕದರಮ್ಮ ಚೀಟಿಯಲ್ಲಿ ತಂದಿದ್ದ ಆಂಜನಪ್ಪನ ವಿಳಾಸ ಹೇಳಿದೆ. ಗುಬ್ಬಿ ದಾಟುವಷ್ಟರಲ್ಲಿ ಉತ್ತರ ಬಂತು. ಆ ವಿಳಾಸದಲ್ಲಿರುವುದು ಮುಚ್ಚಿಹೋದ ಪಂಕ್ಚರ್ ಅಂಗಡಿ, ಆಂಜನಪ್ಪ ಎಂಬ ಕೊಬ್ಬರಿ ವ್ಯಾಪಾರಿಯನ್ನು ಕಂಡವರೇ ಇಲ್ಲ.

"ಹಾಗಾದ್ರೆ ಆ ಹುಡುಗೀನೇ ನಕಲು ಮಾಡಿರ್ಬೇಕು ಅಕ್ಕ. ಎರಡು ಬೀಗದ ಒಳಗಿದ್ದ ಮುದ್ರೆ ಇನ್ಹೇಗೆ ಕೆಲಸ ಮಾಡ್ತು?" ಎಂದೆ ಮೆಲ್ಲಗೆ, ಮುಂದಿನ ಸೀಟಿನಲ್ಲಿದ್ದ ಕದರಮ್ಮನಿಗೆ ಕೇಳಿಸದ ಹಾಗೆ.

"ಅಂಥ ಮುದ್ರೆ ನಕಲು ಮಾಡೋಕೆ ಬರಲ್ಲ ಕಣೋ. ಒಳಗಿನ ಗುಟ್ಟು ಹೊರಗೆ ಬರದೇ ಇರೋ ಹಾಗೇ ಮಾಡಿರ್ತಾರೆ. ಎರಡು ಬೀಗದ ಕೋಣೆಯಿಂದ ಗಂಟು ಹೋಯ್ತು ಅಂದ್ರೆ ಬೀಗ ನೋಡಬಾರದು. ಗಂಟು ಒಳಗೆ ಹೋಗಿತ್ತಾ ಅಂತ ಮೊದಲು ಕೇಳ್ಬೇಕು," ಎಂದು ಅವರು ಕಣ್ಣು ಮುಚ್ಚಿದರು. ಇನ್ನು ಮಾತಾಡಿಸಿ ಪ್ರಯೋಜನವಿಲ್ಲ.

ಚೇಳೂರು ತಲುಪಿದಾಗ ಹನ್ನೆರಡು ದಾಟಿತ್ತು. ಕಂಪನಿಯ ಅಂಗಳದಲ್ಲಿ ಗಂಗಾಧರ್ ತನ್ನ ಕಾರಿಗೆ ಕಟ್ಟಿದ್ದ ಬಾಡಿದ ಚೆಂಡುಹೂವಿನ ಹಾರ ಬಿಚ್ಚುತ್ತಿದ್ದ. ನಲವತ್ತರ ಆಸುಪಾಸಿನ ಆಳು, ಹಣೆಯಲ್ಲಿ ಕೆಂಪು ಕುಂಕುಮ. ಪಕ್ಕದಲ್ಲೇ ಕಸದ ಡ್ರಮ್ ಇದ್ದರೂ ಹಾರವನ್ನು ಅದಕ್ಕೆ ಹಾಕದೆ, ಇಪ್ಪತ್ತು ಹೆಜ್ಜೆ ನಡೆದು ತೆಂಗಿನ ಬುಡದಲ್ಲಿಟ್ಟು ಕೈಮುಗಿದ. ಒಳ್ಳೆಯ ಸಂಸ್ಕಾರವಂತ ಎಂದುಕೊಂಡೆ.

"ಬನ್ನಿ ಮೇಡಂ," ಎಂದ. "ಪಾಪ, ಕದರಮ್ಮನ ಸಂಕಟ ನೋಡಕ್ಕಾಗಲ್ಲ. ಆದ್ರೆ ಕಾನೂನು ಕಾನೂನೇ."

"ಆ ಖಾತೆನ ತಡೆ ಹಿಡಿಯೋ ಅಧಿಕಾರ ಕಂಪನಿಗಿದೆಯಲ್ವಾ? ಯಾಕೆ ಹಿಡೀಲಿಲ್ಲ?"

"ಅದಕ್ಕೂ ಎರಡು ಮುದ್ರೆ ಒತ್ಬೇಕು. ಪೊಲೀಸ್ರು ಬರೋವರ್ಗೂ ಮುದ್ರೆ ಮುಟ್ಟಬೇಡಿ, ಸಾಕ್ಷಿ ಅಂತ ನಾನೇ ಹೇಳ್ದೆ. ಅದೂ ಅಲ್ದೆ ಯಾವನೋ ವ್ಯಾಪಾರಿ ಖಾತೆ ಹಿಂಗೆ ಕಟ್ಟಾಕಿದ್ರೆ ನಾಳೆ ನಮ್ ಗಿಟುಕು ಯಾರ್ ನಂಬ್ತಾರೆ ಹೇಳಿ?"

ಮಾತು ಸರಿಯಾಗೇ ಇದೆ ಅನ್ನಿಸಿತು ನನಗೆ. ನನ್ನ ಬುದ್ಧಿ ಯಾವಾಗಲೂ ಒಂದು ಸ್ಟಾಪ್ ಹಿಂದೆ.

ಅಧ್ಯಕ್ಷ ವೆಂಕಟರಂಗಯ್ಯ ಜಗಲಿಯಲ್ಲಿ ಕುಗ್ಗಿ ಕೂತಿದ್ದರು. ಕಿವಿ ಮಂದ, ಮನಸ್ಸು ಮೆತ್ತಗೆ. ಮುದ್ರೆಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಎಲ್ಲರೆದುರು ಅಂಟಿಸಿ, ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಅಕ್ಕ ಅದನ್ನು ಬಿಚ್ಚಿಸಿ ನೋಡಿದರು, ಬೆರಳು ತಾಗಿಸಲಿಲ್ಲ. ಮೂರಕ್ಕೂ ಅದರ ಒಡೆಯರ ಹೆಸರಿನ ಚೀಟಿ, ಮೂರಕ್ಕೂ ಪೂಜೆಯ ಕೆಂಪು ಬೊಟ್ಟು. ಗಂಗಾಧರನ ಮುದ್ರೆಯಲ್ಲಿ ಕೆಂಪಿನ ಸುತ್ತ ಸ್ವಲ್ಪ ಹಳದಿ ಕಾಣುತ್ತಿತ್ತು. ಆಮೇಲೆ ಅಕ್ಕ ಪೂಜೆಯಾದ ಎಲ್ಲವನ್ನೂ ನೋಡುತ್ತಾ ಹೋದರು: ತೂಕದ ಯಂತ್ರ, ಕಂಪ್ಯೂಟರ್, ಬಾಗಿಲು, ಕೊನೆಗೆ ಸ್ಟೇಪ್ಲರ್. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು.

ಗೋದಾಮಿನ ತೂಕದ ನರಸಯ್ಯ ಪೂಜೆಯ ದಿನದ್ದನ್ನೆಲ್ಲ ವಿವರಿಸಿದ. "ಅಧ್ಯಕ್ಷರಿಗೆ ಸೂತಕ ಕಣ್ರಮ್ಮ, ಅವರ ದಾಯಾದಿ ತೀರ್ಕೊಂಡಿದ್ರು. ಎರಡು ದಿನಾನೂ ಪೂಜೆ ಕೋಣೆ ಹೊಸ್ತಿಲು ದಾಟ್ಲಿಲ್ಲ, ಕುಂಕುಮಾನೂ ಮುಟ್ಟಲಿಲ್ಲ. ಡ್ರಾಯರಿಂದ ಮುದ್ರೆ ತೆಗ್ದು ತಟ್ಟೆ ಜೋಡ್ಸಿದ್ದು ಗಂಗಾಧರಣ್ಣ. ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಿದ್ದು ತೇಜವ್ವ. ಮಧ್ಯಾನ ಹನ್ನೆರಡಕ್ಕೆ ಎರಡೂ ಬೀಗ ಹಾಕಿದ್ರು. ಮಾರನೇ ದಿನ ಬೆಳಿಗ್ಗೆ ತೆಗ್ದಾಗ ಮಂಗಳಾರತಿ ಮಾಡಿ ತಟ್ಟೆ ಎತ್ತಿದ್ದೂ ಗಂಗಾಧರಣ್ಣನೇಯ."

"ಈ ಮುದ್ರೆಗಳನ್ನ ಕೊಂಡು ತಂದಿದ್ದು ಯಾರು?"

"ಅವ್ರೇ, ಬೆಂಗಳೂರಿಂದ."

ಕೊನೆಗೆ ತೇಜಸ್ವಿನಿ. ಗೋದಾಮಿನ ಹಿಂದೆ, ಕೊಬ್ಬರಿ ಚೀಲಗಳ ಮೇಲೆ ಕೂತಿದ್ದಳು. ಇಪ್ಪತ್ತೇಳರ ಹುಡುಗಿ, ಅತ್ತು ಅತ್ತು ಮುಖ ಊದಿತ್ತು. ಅಕ್ಕ ಅವಳ ಫೋನಿನಲ್ಲೇ ಲೆಡ್ಜರ್ ತೆರೆಸಿದರು.

"ಆಂಜನಪ್ಪನ ಖಾತೆಗೆ ಒಪ್ಪಿಗೆ ಕೊಟ್ಟಿದ್ದು ಗಣೇಶನ ಹಬ್ಬ ಆಗಿ ಐದನೇ ದಿನ. ನಿನ್ನ ಮುದ್ರೆ ಬಿದ್ದಿದೆ. ನೀನು ಆವತ್ತು ತುಮಕೂರಲ್ಲಿ ನಿಮ್ಮಮ್ಮನ ಕಣ್ಣಿಗೆ ಔಷಧಿ ಬಿಡ್ತಿದ್ದೆ. ಮುದ್ರೆ ಇಲ್ಲೇ ಡ್ರಾಯರಲ್ಲಿತ್ತು. ಪಿನ್ ಯಾರಿಗೆ ಹೇಳಿದ್ದೆ?"

ಹುಡುಗಿ ತಲೆ ತಗ್ಗಿಸಿದಳು. ನಾನು ವಾಚು ನೋಡಿಕೊಂಡೆ. ಎರಡು ಇಪ್ಪತ್ತು.

"ಹೇಳದೇ ಇದ್ರೆ ನಾನು ವಾಪಸ್ ಹೋಗ್ತೀನಿ," ಎಂದರು ಅಕ್ಕ. ಅಷ್ಟು ಒರಟಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಅಧ್ಯಕ್ಷರಿಗೆ ಮೇಡಂ," ಎಂದಳು ಅಳುತ್ತಾ. "ಕೊಬ್ರಿ ತಂದ ರೈತ್ರು ಸಾಲಲ್ಲಿ ನಿಂತವ್ರೆ, ಗಿಟುಕು ಕೊಡ್ಬೇಕು ಅಂದ್ರು. ಪಾಪ ಅನ್ನಿಸ್ತು, ಫೋನಲ್ಲೇ ಹೇಳ್ಬಿಟ್ಟೆ. ಪಿನ್ ಯಾರಿಗೂ ಹೇಳಬಾರದು ಅಂತ ರೂಲ್ ಬರೆದಿದ್ದೇ ನಾನು. ಯಾವ ಮುಖ ಇಟ್ಕೊಂಡು ಒಪ್ಕೊಳ್ಲಿ?"

"ಅಧ್ಯಕ್ಷರಿಗೆ ಕಿವಿ ಮಂದ. ಫೋನು ಸ್ಪೀಕರಲ್ಲಿತ್ತು, ಅಲ್ವಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು.

ಮೂರೂವರೆಗೆ ಸಭೆ ಸೇರಿತು. ನೂರಕ್ಕೂ ಹೆಚ್ಚು ಸದಸ್ಯರು ಅಂಗಳದಲ್ಲಿ ಕೂತರು. ಗೇಟಿನಾಚೆ ಎರಡು ಖಾಲಿ ಲಾರಿ ಬಂದು ನಿಂತಿದ್ದವು. ಯಾರು ಕರೆಸಿದ್ದೆಂದು ಡ್ರೈವರುಗಳಿಗೂ ಗೊತ್ತಿರಲಿಲ್ಲ, ಫೋನಿನಲ್ಲೇ ಯಾರೋ ಬಾಡಿಗೆ ಕುದುರಿಸಿದ್ದರಂತೆ. ಕೊಬ್ಬರಿ ರೇಟು ಏರಿದ ವರ್ಷ ಬೇರೆ.

"ಪೊಲೀಸ್ರಿಗೆ ಫೋನ್ ಮಾಡೋದಾ?" ಎಂದ ಗಂಗಾಧರ್.

"ಮಾಡಿ, ನಂಗೂ ಅವರು ಬೇಕು," ಎಂದು ಅಕ್ಕ ಎದ್ದು ನಿಂತರು. "ಪೂಜೆಗಿಟ್ಟ ಮುದ್ರೆಗಳು ಬೀಗದ ಒಳಗಿದ್ದಾಗ ಹೊರಗೆ ಮುದ್ರೆ ಬಿತ್ತು. ಹಾಗಾದ್ರೆ ಬೀಗದ ಒಳಗಿದ್ದಿದ್ದು ಆ ಮುದ್ರೆಗಳಲ್ಲ. ಅವುಗಳ ಥರಾನೇ ಕಾಣೋ ಎರಡು ಹೊಸವು. ಪೂಜೆಗೆ ಮುಂಚೆ ಬದಲಾದವು, ಮಾರನೇ ದಿನ ತಟ್ಟೆ ಎತ್ತುವಾಗ ಮತ್ತೆ ಬದಲಾದವು. ಬೀಗದ ಕೀ ಯಾಕೆ ಬೇಕು?"

ಸಭೆಯಲ್ಲಿ ಗುಜುಗುಜು ಎದ್ದಿತು. "ಪುರಾವೆ?" ಎಂದ ಗಂಗಾಧರ್.

ಅಕ್ಕ ಡಬ್ಬಿ ತೆರೆದು ಮುಂದಿನ ಸಾಲಿನ ಹೆಂಗಸರ ಮುಂದೆ ಹಿಡಿದರು. "ನೀವೇ ನೋಡಿ. ತೇಜಸ್ವಿನಿ ಆವತ್ತು ತಕ್ಕಡಿಯಿಂದ ಸ್ಟೇಪ್ಲರ್‌ವರೆಗೆ ಎಲ್ಲಕ್ಕೂ ಬೊಟ್ಟಿಟ್ಟಿದ್ದಾಳೆ. ಈ ಮೂರರಲ್ಲಿ ಯಾವ ಬೊಟ್ಟು ಅವಳು ಇಟ್ಟಿದ್ದು?"

ಒಬ್ಬ ಮುದುಕಿ ಬಗ್ಗಿ ನೋಡಿ ಥಟ್ಟನೆ ಹೇಳಿದಳು: "ಇವೆರಡಕ್ಕೆ ಅರಿಶಿನಾನೇ ಇಲ್ವಲ್ಲ! ಬರೀ ಕುಂಕುಮ ಯಾವ ಹೆಂಗಸು ಇಟ್ಟಾಳು?"

"ಹೌದು. ಗಂಡಸು ತನ್ನ ಹಣೆಗಿಟ್ಟುಕೊಂಡ ಹಾಗೆ ಇಟ್ಟಿದ್ದಾನೆ. ಅರಿಶಿನ ಇಲ್ಲದ ಆ ಎರಡು, ಅಧ್ಯಕ್ಷರದು ಮತ್ತು ತೇಜಸ್ವಿನಿದು. ಕಳ್ಳತನಕ್ಕೆ ಬಿದ್ದ ಮುದ್ರೆಗಳೂ ಅವೇ. ಮೂರನೇದು ಪೂಜೆಯ ತಟ್ಟೆಯಲ್ಲಿ ನಿಜವಾಗಿ ಇತ್ತು, ಅದಕ್ಕೇ ಅರಿಶಿನ ಇದೆ. ತನ್ನ ಹೆಸರು ಬರಬಾರದು ಅಂತ ಅದನ್ನ ಅದರ ಒಡೆಯ ಮುಟ್ಟಲಿಲ್ಲ. ಹಾಗಾದ್ರೆ ಬೊಟ್ಟಿಟ್ಟ ಗಂಡಸು ಯಾರು? ಅಧ್ಯಕ್ಷರು ಸೂತಕ ಅಂತ ಹೊಸ್ತಿಲು ದಾಟಲಿಲ್ಲ. ತಟ್ಟೆ ಇಟ್ಟವರೂ ಎತ್ತಿದವರೂ ಒಬ್ಬರೇ. ಮುದ್ರೆ ಕೊಂಡು ತಂದವರೂ ಅವರೇ. ಪಿನ್ ಸ್ಪೀಕರಲ್ಲಿ ಕೇಳಿಸಿದಾಗ..." ಅಕ್ಕ ಅಧ್ಯಕ್ಷರ ಕಡೆ ತಿರುಗಿ ಗಟ್ಟಿಯಾಗಿ ಕೇಳಿದರು, "ಪಕ್ಕದಲ್ಲಿ ಯಾರಿದ್ರು?"

"ಗಂಗಾಧರ," ಎಂದರು ಮುದುಕರು. "ನನ್ ಪಿನ್ನೂ ಅವನೇ ಒತ್ತಿಕೊಡ್ತಿದ್ದ. ನಂಗೆ ಕಣ್ಣು ಕಾಣಲ್ಲ ಅಂತ."

"ಬೊಟ್ಟು ನೋಡ್ಕೊಂಡು ಯಾರಾದ್ರೂ ಕಳ್ಳ ಅಂತಾರೇನ್ರೀ?" ಗಂಗಾಧರ್ ನಕ್ಕ. ಆದರೆ ಕೈ ಜೇಬಿನ ಕಾರ್ ಕೀಯ ಮೇಲೆ ಹೋಗಿತ್ತು.

"ಅನ್ನಲ್ಲ. ಅದಕ್ಕೇ ಆ ಎರಡು ಹೊಸವು ಬೇಕು. ಬೇರೆ ಯಾವ ಕಳ್ಳನಾಗಿದ್ರೂ ಆವತ್ತೇ ಎಲ್ಲಾದ್ರೂ ಎಸೀತಿದ್ದ. ಆದ್ರೆ ಅವಕ್ಕೆ ಪೂಜೆ ಆಗಿತ್ತು, ಅರಿಶಿನ ಕುಂಕುಮ ಬಿದ್ದಿತ್ತು, ಮಂಗಳಾರತಿ ಎತ್ತಿದ್ರಿ. ಬಾಡಿದ ಹಾರಾನೇ ಕಸಕ್ಕೆ ಹಾಕದೆ ಮರದ ಬುಡದಲ್ಲಿಟ್ಟು ಕೈಮುಗಿಯೋರು ನೀವು. ಅವನ್ನ ಕಸಕ್ಕೆ ಹಾಕೋ ಧೈರ್ಯ ನಿಮಗೆ ಬಂದಿರಲ್ಲ. ಕಾರ್ ಕೀ ಕೊಡಿ."

ಆತ ಕೊಡಲಿಲ್ಲ. ನಾಲ್ಕು ಜನ ಎದ್ದು ನಿಂತ ಮೇಲೆ ಕೊಟ್ಟ. ನರಸಯ್ಯ ಮತ್ತು ನಾನು ಹೋದೆವು. ಡ್ಯಾಶ್‌ಬೋರ್ಡಿನ ಪುಟ್ಟ ಗಣೇಶನ ಹಿಂದೆ, ಬಾಡಿದ ಸೇವಂತಿಗೆಯ ಕೆಳಗೆ, ಎರಡು ಮುದ್ರೆಗಳಿದ್ದವು. ಎರಡಕ್ಕೂ ಅರಿಶಿನ, ಅದರ ಮೇಲೆ ಕುಂಕುಮ. ನನ್ನ ಕಣ್ಣಲ್ಲಿ ನೀರೇ ಬಂತು, ನಾಚಿಕೆಯೇನಿಲ್ಲ.

ಗಂಗಾಧರ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಅಕ್ಕ, ಟೈಮು!" ಎಂದು ನಾನು ಕೂಗಿದೆ. ನಾಲ್ಕು ಏಳು. ನಾಲ್ಕು ಹನ್ನೆರಡಕ್ಕೆ ಎರಡು ದಿನದ ತಡೆ ಮುಗಿಯುತ್ತಿತ್ತು.

ತೇಜಸ್ವಿನಿ ಕಂಪ್ಯೂಟರ್ ಮುಂದೆ ಕೂತಳು. ಅಧ್ಯಕ್ಷರ ಮುದ್ರೆ ಮೊದಲು ಬಿತ್ತು. ಅವಳು ತನ್ನದನ್ನು ಎತ್ತಿಕೊಳ್ಳುವಷ್ಟರಲ್ಲಿ ಕದರಮ್ಮ ಅದನ್ನು ಕಸಿದುಕೊಂಡಳು.

"ಏನಮ್ಮ ನೀನು, ಮೂರೇ ನಿಮಿಷ ಇದೆ!" ಎಂದೆ. ಆ ಗಳಿಗೆಯಲ್ಲಿ ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಯಿಂದ ಆ ಕೆಂಪು ಬೊಟ್ಟನ್ನು ತಿಕ್ಕಿ ಒರೆಸಿದಳು. ದೇವರ ತಟ್ಟೆಯಿಂದ ಅರಿಶಿನ ತೆಗೆದು ಹಚ್ಚಿದಳು, ಅದರ ಮೇಲೆ ಕುಂಕುಮವಿಟ್ಟಳು. ಆಪರೇಷನ್ ಆದ ಕಣ್ಣಿಗೆ ಹತ್ತಿರ ಹಿಡಿದು ನೋಡಿ ಮಗಳ ಕೈಗೆ ಕೊಟ್ಟಳು.

"ಈಗ ಇದು ನಿಂದು. ಒತ್ತು."

ನಾಲ್ಕು ಹತ್ತಕ್ಕೆ ಆಂಜನಪ್ಪನ ಖಾತೆ ತಡೆಯಾಯಿತು. ಮುನ್ನೂರು ಗಿಟುಕುಗಳನ್ನು ಕಂಪನಿ ವಾಪಸ್ ಎಳೆದು ರದ್ದು ಮಾಡಿತು. ಲಾರಿಗಳು ಖಾಲಿಯಾಗಿಯೇ ತಿರುಗಿದವು. ಹಿಡಿದುಕೊಡುವುದಕ್ಕೆಂದು ಕರೆಸಿದ್ದ ಪೊಲೀಸರು ಬಂದಾಗ ಹಿಡಿಯಬೇಕಾದವನು ಬದಲಾಗಿದ್ದ.

ಹೊರಡುವಾಗ ತೇಜಸ್ವಿನಿ ಬಾಗಿಲವರೆಗೆ ಬಂದಳು. "ಮೇಡಂ, ನಾನು ಪಿನ್ ಹೇಳಿದ್ದರಿಂದ ಹುಟ್ಟಿದ ಖಾತೆ ಅದು. ಆ ದಿನ ಬಿದ್ದ ಮುದ್ರೆ ಲೆಡ್ಜರಲ್ಲಿ ಹಾಗೇ ಇರುತ್ತೆ. ಯಾವತ್ತೂ ಅಳ್ಸೋಕಾಗಲ್ಲ."

"ಇರ್ಲಿ ಬಿಡು. ಅದರ ಕೆಳಗೆ ಇವತ್ತು ನಾಲ್ಕು ಹತ್ತಕ್ಕೆ ನೀನು ಒತ್ತಿದ್ದೂ ಇರುತ್ತೆ. ಅದನ್ನೂ ಯಾರೂ ಅಳಿಸೋಕಾಗಲ್ಲ," ಎಂದರು ಅಕ್ಕ. ಆಮೇಲೆ ಅವಳ ಕಿವಿ ಹಿಂಡಿ, "ಮೊದಲು ಹೋಗಿ ಪಿನ್ ಬದಲಾಯಿಸು. ನಿಮ್ಮಮ್ಮನಿಗೂ ಹೇಳಬೇಡ," ಎಂದರು.

ಜಗಲಿಯ ಮೇಲೆ ಕೂತಿದ್ದ ಕದರಮ್ಮ ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, ಎರಡು ದಿನದಲ್ಲಿ ಮೊದಲ ಸಲ ನಕ್ಕಳು.